ತೊಗರಿ ಕಟ್ಟಿಗೆಯ ಬೇಲಿ ಹೆಣೆದ ಮುತ್ಯಾ

ಅವರ ಬಲಗೆನ್ನೆಯ ಮೇಲೆ ಹುಬ್ಬಿನ ತುದಿಯಿಂದ ಕಿವಿಯ ಹಾಲೆಯವರೆಗೆ ಒಂದು ಬಿಳಿ ಗೆರೆ ಇತ್ತು. ಹೊಲಿಗೆ ಹಾಕದೆ ತಾನಾಗಿಯೇ ಕೂಡಿಕೊಂಡ ಗಾಯದ ಗುರುತು. ಪ್ರಾಯದಲ್ಲಿ ಯಾವುದೋ ಬಾಳೆತೋಟಕ್ಕೆ ಮುಳ್ಳುತಂತಿ ಬಿಗಿಯುವಾಗ ತಂತಿ ಹರಿದು ಬಂದು ಬಡಿದದ್ದಂತೆ. ನಕ್ಕಾಗ ಆ ಕಡೆಯ ಚರ್ಮ ಜಗ್ಗಿ ಕಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಮೊದಲ ಸಲ ನೋಡಿದ ನಮ್ಮ ಶಾಲೆಯ ಅಡುಗೆ ಹೆಂಗಸರು, ಈ ಮುದುಕ ನಮಗೆ ಕಣ್ಣು ಹೊಡೆಯುತ್ತಾನೆ ಎಂದು ಸಿಟ್ಟಾಗಿ ನನ್ನ ಹತ್ತಿರ ಹೇಳಿಕೊಳ್ಳಲು ಬಂದಿದ್ದರು. ಆಮೇಲೆ ಅವರೇ ದಿನಾ ಚಹಾ ಮಾಡಿ ಅವರನ್ನು ಕರೆದು ಕೊಡುವಂತಾದರು.

ಕಮಲಾಪುರದ ಕೆಂಪುಬಾಳೆ ತೋಟಗಳಿಗೆ ಹಂದಿ, ದನ ನುಗ್ಗದಂತೆ ಬೇಲಿ ಹಾಕುವುದು ಅವರು ಜೀವನವೆಲ್ಲ ಮಾಡಿದ ಕೆಲಸ. ಸಣ್ಣವರು ದೊಡ್ಡವರು ಎಲ್ಲರೂ ಅವರನ್ನು ಬೇಲಿ ಮುತ್ಯಾ ಎಂದೇ ಕರೆಯುತ್ತಿದ್ದರು. ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ. ನಾನು ಆ ಊರಿನ ಸರಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕಲಬುರಗಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಶಾಲೆಯ ಹಿಂದೆ ಬಿಸಿಯೂಟಕ್ಕಾಗಿ ಮೆಂತ್ಯ, ಪಾಲಕ ಬೆಳೆಯುತ್ತಿದ್ದೆವು. ಎರಡು ಸಲ ಬೇಲಿ ಹಾಕಿಸಿದರೂ ಆಡುಗಳು ನುಗ್ಗಿ ತಿಂದು ಹೋಗುತ್ತಿದ್ದವು. ಮೂರನೆಯ ಸಲ ಹೆಡ್‌ಮಾಸ್ತರರು ಈ ಮುತ್ಯಾನನ್ನು ಕರೆಸಿದರು.

ಬಂದವರು ಕೆಲಸ ಶುರು ಮಾಡಲಿಲ್ಲ. ಬೇವಿನ ಮರದ ಕೆಳಗೆ ಧೋತರ ಮೇಲಕ್ಕೆತ್ತಿ ಕಟ್ಟಿ ಕೂತು ಮಧ್ಯಾಹ್ನದವರೆಗೆ ನೋಡಿದರು, ಎದ್ದು ಹೋದರು. ಮರುದಿನವೂ ಹಾಗೆಯೇ. ಹೆಡ್‌ಮಾಸ್ತರರಿಗೆ ಇವರು ಮೈಗಳ್ಳರೆಂಬ ಅನುಮಾನ ಬಂತು. ಮೂರನೆಯ ದಿನ ಮುತ್ಯಾ ನನ್ನನ್ನು ಕರೆದು ತೋರಿಸಿದರು. ಬೇಲಿ ಮುರಿಯುತ್ತಿದ್ದದ್ದು ಆಡುಗಳಲ್ಲ, ನಮ್ಮ ಹುಡುಗಿಯರು. ನೀರಿನ ನಲ್ಲಿಗೆ ಸುತ್ತು ಹಾಕಿ ಹೋಗಲು ಬೇಸರವಾಗಿ ಒಂದೇ ಜಾಗದಲ್ಲಿ ತಂತಿ ಬಾಗಿಸಿ ನುಸುಳುತ್ತಿದ್ದರು. ಆ ಕಿಂಡಿಯಲ್ಲಿ ಆಡುಗಳು ಬರುತ್ತಿದ್ದವು. ಮುತ್ಯಾ ಅಲ್ಲಿ ಎರಡು ಕಡೆ ತಿರುಗಿ ಹೋಗಬೇಕಾದ ಒಂದು ಇಕ್ಕಟ್ಟಿನ ದಾರಿ ಬಿಟ್ಟೇ ಬೇಲಿ ಕಟ್ಟಿದರು. ಹುಡುಗಿಯರು ಆರಾಮಾಗಿ ಹೋಗುತ್ತಿದ್ದರು, ಆಡುಗಳಿಗೆ ತಿರುಗಲು ಬರುತ್ತಿರಲಿಲ್ಲ.

"ಬೇಲಿ ಯಾರಿಗಿ ಅಂಬೋದು ಮದಲ ತಿಳೀಬೇಕ್ರಿ ಅಕ್ಕೋರ," ಎಂದರು ನನಗೆ. "ತಿಳೀಲಾರದ ಹಾಕಿದ್ರ ಬರೇ ಕಂಬ ನಿಂದರ್ತಾವ."

ಕೆಲಸ ಮುಗಿದ ಮೇಲೆ ಅವರು ಮಾಡುತ್ತಿದ್ದ ಎರಡು ಕೆಲಸಗಳನ್ನು ನಾನು ಅಲ್ಲಿಯೇ ನೋಡಿದ್ದು. ಪ್ರತಿಯೊಂದು ಕಂಬಕ್ಕೂ ಬೆನ್ನು ಕೊಟ್ಟು, ಮೈಭಾರವೆಲ್ಲ ಅದರ ಮೇಲೆ ಹಾಕಿ, ಕಣ್ಣು ಮುಚ್ಚಿ ಒಂದು ನಿಮಿಷ ನಿಲ್ಲುತ್ತಿದ್ದರು. ಕಂಬ ಸ್ವಲ್ಪ ಸರಿದರೂ ಬೆನ್ನಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ಆಮೇಲೆ ಬೇಲಿಯ ಈ ತುದಿಯಿಂದ ಆ ತುದಿಯವರೆಗೆ ಬರಿಗೈ ಸವರುತ್ತ ನಡೆಯುತ್ತಿದ್ದರು. ಎಲ್ಲಿಯಾದರೂ ತಂತಿಯ ತುದಿ ಚುಚ್ಚಿದರೆ ಪಕ್ಕಡದಿಂದ ಒಳಕ್ಕೆ ಮಡಚಿ ಮುಂದೆ ಹೋಗುತ್ತಿದ್ದರು.

ಇಷ್ಟೇ ಆಗಿದ್ದರೆ ಅವರು ನನಗೆ ಶಾಲೆಯ ತೋಟಕ್ಕೆ ಬಂದುಹೋದ ಒಬ್ಬ ಕೆಲಸಗಾರರಾಗಿ ಮಾತ್ರ ನೆನಪಿರುತ್ತಿದ್ದರು. ನನ್ನ ಮನೆಯ ಹಿತ್ತಿಲಿಗೆ ಅವರನ್ನು ಕರೆದೊಯ್ಯುವ ಹೊತ್ತು ಬಂದದ್ದು ಎರಡು ವರ್ಷದ ನಂತರ.

ನಮ್ಮ ಮಗಳು ಶಿವಲೀಲಾ, ಲೀಲಾ ಎಂದು ಕರೆಯುತ್ತೇವೆ. ಆಗ ಅವಳಿಗೆ ಇಪ್ಪತ್ತೊಂದು. ಮೈ ಬೆಳೆದಂತೆ ಬುದ್ಧಿ ಬೆಳೆಯಲಿಲ್ಲ. ಹತ್ತು ಹನ್ನೆರಡು ಮಾತು ಆಡುತ್ತಾಳೆ. ಉಳಿದದ್ದನ್ನು ನಾವು ಅವಳ ಮುಖ ನೋಡಿ ತಿಳಿಯಬೇಕು. ಅವಳಿಗಾಗಿಯೇ ನಾವು ಪೇಟೆಯೊಳಗಿನ ಬಾಡಿಗೆ ಮನೆ ಬಿಟ್ಟು ಶರಣಸಿರಸಗಿಯ ಕಡೆ ಹೊಸ ಲೇಔಟ್‌ನಲ್ಲಿ ಸಣ್ಣ ಮನೆ ಕಟ್ಟಿಸಿಕೊಂಡೆವು. ಕಟ್ಟಿಸಿದ ಹೊಸತರಲ್ಲಿ ಸುತ್ತಲೂ ಖಾಲಿ ಪ್ಲಾಟು, ಅದರಾಚೆ ತೊಗರಿ ಹೊಲ. ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲು, ಪಕ್ಕದಲ್ಲಿ ನಲ್ಲಿ. ಲೀಲಾ ಬೆಳಿಗ್ಗೆ ಎದ್ದರೆ ಆ ಕಲ್ಲಿನ ಮೇಲೆ ಕೂತು ಕಾಲ ಮೇಲೆ ನೀರು ಬಿಟ್ಟುಕೊಂಡು, ಹೊಲದ ದಾರಿಯಲ್ಲಿ ಹೋಗುವ ಎಮ್ಮೆಗಳನ್ನು ನೋಡುತ್ತ ತಾಸುಗಟ್ಟಲೆ ಗುನುಗುತ್ತಿದ್ದಳು. ಬಿಸಿಲು ಏರಿದರೆ ಮೈಮೇಲಿನ ಬಟ್ಟೆ ತೆಗೆದು ನೀರು ಹಾಕಿಕೊಳ್ಳುತ್ತಿದ್ದಳು. ಯಾರೂ ಇರಲಿಲ್ಲ, ನಮಗೆ ಅದು ತಪ್ಪು ಎನ್ನಿಸಿರಲಿಲ್ಲ.

ವರ್ಷಗಳು ಕಳೆದಂತೆ ಪ್ಲಾಟುಗಳು ತುಂಬಿದವು. ನಮ್ಮ ಹಿಂದೆಯೇ ಎರಡಂತಸ್ತಿನ ಮನೆ ಎದ್ದಿತು. ಕೆಳಗೆ ಮನೆಯ ಒಡತಿ, ಮೇಲೆ ಬಾಡಿಗೆಗಿದ್ದ ಮೂವರು ಕಾಲೇಜು ಹುಡುಗರು. ಯುಗಾದಿ ಆದ ಮೇಲಿನ ಒಂದು ಬೆಳಿಗ್ಗೆ ನಾನು ಹಿತ್ತಿಲಿಗೆ ಬಂದಾಗ ಆ ಮೂವರು ಮಾಳಿಗೆಯ ಮೇಲೆ ನಿಂತು ನಗುತ್ತಿದ್ದರು. ಒಬ್ಬನ ಕೈಯಲ್ಲಿ ಮೊಬೈಲ್ ಇತ್ತು, ಅದು ಕೆಳಗೆ, ಲೀಲಾಳ ಕಡೆ ತಿರುಗಿತ್ತು. ಅವಳು ಬಟ್ಟೆ ತೆಗೆದು ಕೂತಿದ್ದಳು. ಹುಡುಗರು ನಗುವುದನ್ನು ನೋಡಿ ಅವಳೂ ಅವರ ಕಡೆ ನೋಡಿ ನಗುತ್ತಿದ್ದಳು.

ಅವಳನ್ನು ನನ್ನ ಸೆರಗಿನಲ್ಲಿ ಸುತ್ತಿ ಒಳಗೆ ಎಳೆದುಕೊಂಡು ಬಂದೆ. ಆ ವಾರದಲ್ಲಿಯೇ ಲೇಔಟ್‌ನ ಹಿರಿಯರೊಬ್ಬರು ನನ್ನ ಗಂಡನನ್ನು ದಾರಿಯಲ್ಲಿ ನಿಲ್ಲಿಸಿ, ಹೆಣ್ಣು ಹುಡುಗಿ, ಒಳಗೆ ಇಟ್ಟುಕೊಳ್ಳುವುದು ಒಳ್ಳೆಯದು ಎಂದು ಬುದ್ಧಿ ಹೇಳಿದರು. ಹುಡುಗರಿಗೆ ಯಾರೂ ಏನೂ ಹೇಳಲಿಲ್ಲ. ನಾವೂ ಹೇಳಲಿಲ್ಲ. ಹಿಂದಿನ ಮನೆಯ ಒಡತಿಯ ಹತ್ತಿರ ಹೋಗಿ ಮಾತಾಡಬೇಕೆಂದು ನಾಲ್ಕು ಸಲ ಚಪ್ಪಲಿ ಹಾಕಿಕೊಂಡು ನಾಲ್ಕು ಸಲವೂ ಬಿಚ್ಚಿಟ್ಟೆ. ಹಿಂಬಾಗಿಲಿಗೆ ಕೀಲಿ ಹಾಕಿದವಳು ನಾನೇ.

ಮೊದಲ ದಿನ ಲೀಲಾ ಬಾಗಿಲು ಬಡಿದಳು. ಆಮೇಲೆ ಬಾಗಿಲ ಹತ್ತಿರವೇ ಮಲಗತೊಡಗಿದಳು. ರೊಟ್ಟಿ ತಿನ್ನುವುದು ಬಿಟ್ಟಳು. ಮುಂಗೈಯನ್ನು ತಾನೇ ಕಚ್ಚಿಕೊಂಡು ಗಾಯ ಮಾಡಿಕೊಂಡಳು. ಅದಕ್ಕೆ ಮುಲಾಮು ಹಚ್ಚುವಾಗ ಅವಳು ನನ್ನ ಕೈಯನ್ನು ತಳ್ಳುತ್ತಿರಲಿಲ್ಲ, ಸುಮ್ಮನೆ ಬಾಗಿಲ ಕಡೆ ನೋಡುತ್ತಿದ್ದಳು. ಅದನ್ನೇ ನನಗೆ ತಡೆಯಲಾಗುತ್ತಿರಲಿಲ್ಲ.

ಬೇಲಿ ಹಾಕಿಸುವುದೆಂದು ನಿಶ್ಚಯಿಸಿದೆವು. ಮೊದಲು ಹಸಿರು ಬಲೆ ತಂದು ನಾವೇ ಕಟ್ಟಿದೆವು. ವೈಶಾಖದ ಗಾಳಿಗೆ ಅದು ಒಂದು ವಾರದಲ್ಲಿ ಚಿಂದಿಯಾಗಿ ಪಕ್ಕದವರ ಟಿವಿ ಡಿಶ್ಶಿಗೆ ಸುತ್ತಿಕೊಂಡಿತು. ನನ್ನ ಗಂಡ ನೆಹರು ಗಂಜ್ ಮಾರುಕಟ್ಟೆಯ ಒಂದು ದಾಲ್ ಮಿಲ್ಲಿನಲ್ಲಿ ಸೂಪರ್ವೈಜರ್. ಮಿಲ್ಲಿನವರ ಪರಿಚಯದಿಂದ ಕಪನೂರಿನಲ್ಲಿ ತಗಡಿನ ಶೆಡ್ಡು ಕಟ್ಟುವವರನ್ನು ಹಿಡಿದು ತಗಡಿನ ಬೇಲಿ ಹಾಕಿಸಲು ಹೊರಟರು. ಒಂದು ಬದಿ ಮಾತ್ರ ನಿಲ್ಲಿಸಿದ್ದರು. ಆ ಸಂಜೆ ಗಾಳಿ ಎದ್ದು ತಗಡುಗಳು ಡಮರು ಬಾರಿಸಿದಂತೆ ಬಡಿದುಕೊಳ್ಳತೊಡಗಿದವು. ಲೀಲಾ ಎರಡೂ ಕಿವಿ ಒತ್ತಿ ಹಿಡಿದು, ಉಸಿರು ಕಟ್ಟುವ ಹಾಗೆ ಕಿರುಚಿದಳು. ಮರುದಿನವೇ ತಗಡು ವಾಪಸು ಹೋದವು. ಮೂರನೆಯವನು ಒಬ್ಬ ಕಂತ್ರಾಟುದಾರ. ಸಿಮೆಂಟಿನ ಹಲಗೆಗಳನ್ನು ಜೋಡಿಸಿ ಹನ್ನೊಂದು ಅಡಿಯ ಗೋಡೆ ಎಬ್ಬಿಸುತ್ತೇನೆ, ಅದಕ್ಕಿಂತ ಕಡಿಮೆಯಾದರೆ ಮಾಳಿಗೆಯಿಂದ ಕಾಣುತ್ತದೆ ಎಂದ. ಹಿತ್ತಿಲಿನ ಅಗಲವೇ ಹದಿನೈದು ಅಡಿ. ಅಂಥ ಗೋಡೆಯೊಳಗೆ ಲೀಲಾಳನ್ನು ಕೂರಿಸುವುದನ್ನು ನೆನೆದಾಗ ನನಗೆ ನೀರಿಲ್ಲದ ಬಾವಿಯೊಳಗೆ ಇಳಿಸಿದಂತೆ ಅನ್ನಿಸಿತು.

ಆಗ ಬೇವಿನ ಮರದ ಕೆಳಗೆ ಎರಡು ದಿನ ಸುಮ್ಮನೆ ಕೂತು ನೋಡಿದ ಮುತ್ಯಾ ನೆನಪಾದರು. ಬೇಸಿಗೆ ರಜೆ ಇತ್ತು. ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗಿ ಅವರ ಮನೆ ಹುಡುಕಿದೆ. ಎರಡು ಖೋಲಿಯ ಮನೆ, ಗೂಡಿನಲ್ಲಿ ಬುದ್ಧನ ಸಣ್ಣ ಮೂರ್ತಿ. ಸೊಸೆ ನೀರು ಕೊಟ್ಟಳು. ಬೇಲಿ ಹಾಕಿಸಬೇಕು ಎಂದಷ್ಟೇ ಹೇಳಿದೆ. ಯಾರಿಗೆ ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಅತ್ತೆ. ಅವರು ಹೆಚ್ಚು ಕೇಳಲಿಲ್ಲ, ಹೆಗಲಿಗೆ ಚೀಲ ಹಾಕಿಕೊಂಡು ನನ್ನ ಜೊತೆಗೇ ಬಸ್ಸು ಹತ್ತಿದರು.

ಬಸ್ಸಿನಲ್ಲಿ ಎಲ್ಲವನ್ನೂ ಹೇಳಿದೆ, ಮೊಬೈಲಿನ ವಿಷಯವನ್ನೂ. ನನ್ನ ತಾಯಿಗೂ ಹೇಳದಿದ್ದ ಮಾತು ಅದು. ಅವರು ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡರು. ಆಮೇಲೆ ತಮ್ಮ ಅಪ್ಪನ ಮಾತು ತೆಗೆದರು. ಅಪ್ಪನೂ ಬೇಲಿ ಕಟ್ಟುವವನೇ. ಇವರು ಸಣ್ಣವರಿದ್ದಾಗ ಊರಿನ ಸಾಹುಕಾರನೊಬ್ಬ ತನ್ನ ಬಾವಿಗೆ ಹೋಗುವ ದಾರಿಗೆ ಅಡ್ಡ ಮುಳ್ಳಿನ ಬೇಲಿ ಹಾಕಿಸಿದ. ದನ ಬರುತ್ತವೆ ಎಂದು ಹೇಳಿ ಹಾಕಿಸಿದ್ದು. ಬೇಲಿ ಮುಗಿದ ಮರುದಿನ ಇವರ ಅವ್ವ ಕೊಡ ಹಿಡಿದು ಹೋದಾಗ ಗೊತ್ತಾಯಿತು, ಅದು ದನಗಳಿಗಲ್ಲ, ಇವರ ಓಣಿಯವರಿಗೆ.

"ನಮ್ಮಪ್ಪ ಕಟ್ಟಿದ ಬೇಲಿ ನಮಗೇ ಅಡ್ಡ ಆತು," ಎಂದರು. "ಕೇಳಲಾರದ ಕಟ್ಟಿದ್ದ. ಸಾಯೂತನಕಾ ಅದನ್ನ ಅಂತಿದ್ದ, ನಾ ಕೇಳಬೇಕಾಗಿತ್ತು ಅಂತ."

ಅದನ್ನು ಅವರು ನನಗೆ ಹೇಳಿದ್ದು ಅದೊಂದೇ ಸಲ.

ಮನೆಗೆ ಬಂದವರು ಮುಂಬಾಗಿಲಲ್ಲಿ ನಿಂತು, ಹಿತ್ತಿಲಿಗೆ ಹೊರಗಿನಿಂದ ದಾರಿ ಇದೆಯೇ ಎಂದು ಕೇಳಿದರು. ಇಲ್ಲ, ಒಳಗೆ ಬನ್ನಿ ಎಂದು ನನ್ನ ಗಂಡ ಕೈ ಹಿಡಿದು ಕರೆತಂದರು. ಅಳತೆಯ ಟೇಪು ಕೊಡಲು ಹೋದರೆ ಬೇಡವೆಂದರು.

"ಮದಲ ಕೀಲಿ ತಗೀರಿ. ಆಕಿ ಎಲ್ಲಿ ಕೂಡ್ತಾಳ, ಏನ್ ನೋಡ್ತಾಳ ಗೊತ್ತಾಗಲಾರದ ನಾ ಏನ್ ಅಳೀಲಿ?"

ಐದು ವಾರದ ಮೇಲೆ ಆ ಬಾಗಿಲು ತೆರೆದೆ. ಮಧ್ಯಾಹ್ನದ ಬಿಸಿಲು, ಮೇಲಿನ ಹುಡುಗರು ಪರೀಕ್ಷೆಗೆ ಹೋಗಿದ್ದರು. ಲೀಲಾ ಓಡಲಿಲ್ಲ. ಹೊಸ್ತಿಲ ಮೇಲೆ ನಿಂತು ನನ್ನ ಮುಖ ನೋಡಿದಳು. ನಾನು ಹೂಂ ಎಂದ ಮೇಲೆ ಹೋಗಿ ಕಲ್ಲಿನ ಮೇಲೆ ಕೂತು ನಲ್ಲಿ ತಿರುವಿದಳು. ಮುತ್ಯಾ ಗೋಡೆಯ ಮೂಲೆಯಲ್ಲಿ ಕೂತು ನೋಡುತ್ತಿದ್ದರು. ಅವಳು ಕುಪ್ಪಸದ ಗುಂಡಿಗೆ ಕೈ ಹಾಕಿದ ಕೂಡಲೇ ಮೈ ಪೂರ್ತಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತರು. ನಾನು ಹೋಗಿ ಅವಳಿಗೆ ಟವೆಲು ಹೊದಿಸಿ, ಆಯಿತು ಎಂದು ಹೇಳುವವರೆಗೆ ಹಾಗೆಯೇ ಕೂತಿದ್ದರು.

ಆಮೇಲೆ ಅವರು ಮಾಡಿದ ಕೆಲಸವನ್ನು ನನ್ನಿಂದ ಐದು ವಾರದಲ್ಲಿ ಮಾಡಲಾಗಿರಲಿಲ್ಲ. ಸೀದಾ ಹಿಂದಿನ ಮನೆಗೆ ಹೋಗಿ ಬಾಗಿಲು ತಟ್ಟಿದರು. ಬಾಗಿಲು ತೆರೆದ ಒಡತಿಗೆ, ತಾವು ಬೇಲಿ ಹಾಕುವವರೆಂದೂ, ಅವರ ಮಾಳಿಗೆಯಿಂದ ಒಮ್ಮೆ ನೋಡಬೇಕಾಗಿದೆಯೆಂದೂ ಹೇಳಿದರು. ಆಕೆ ಏಕೆ ಎಂದು ಕೇಳಿರಬೇಕು. ಅವರ ಉತ್ತರ ನಮ್ಮ ಹಿತ್ತಿಲಿಗೂ ಕೇಳಿಸಿತು.

"ನಿಮ್ಮ ಮಾಳಿಗಿ ಮ್ಯಾಲಿಂದ ಅವರ ಹುಡುಗಿ ಮೈ ತೊಳಕೊಳ್ಳೋದು ಕಾಣ್ತದಂತ, ತಾಯಿ. ಹುಡುಗರು ಫೋಟೋ ಹೊಡದಾರಂತ. ಎಲ್ಲಿತನಕಾ ಕಾಣ್ತದ ನೋಡಬೇಕು. ನನ್ನ ಕಣ್ಣು ಸೂಕ್ಷ್ಮ ಇಲ್ಲ, ನೀವೂ ಜರಾ ಬರ್ರಿ."

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೆ ಸ್ವಲ್ಪ ಹೊತ್ತಿನಲ್ಲಿ ಆ ಹೆಂಗಸು ಮಾಳಿಗೆಯ ಅಂಚಿನಲ್ಲಿ ಕಾಣಿಸಿದಳು. ಮುತ್ಯಾ ಕೆಳಗೆ ಬಂದು, ಲೀಲಾ ಕೂರುವ ಕಲ್ಲಿನ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿದರು. ಒಂದು ಬಿದಿರಿನ ಗಳಕ್ಕೆ ಅಡ್ಡವಾಗಿ ಚಾದರ ಕಟ್ಟಿ, ಮೊದಲು ಗಡಿಯ ಮೇಲೆ, ಆಮೇಲೆ ಒಂದೊಂದೇ ಹೆಜ್ಜೆ ನನ್ನ ಹತ್ತಿರಕ್ಕೆ ತರುತ್ತ, ಮೇಲೆ ಕೆಳಗೆ ಮಾಡುತ್ತ ಹೋದರು. ಪ್ರತಿ ಸಲವೂ ತಲೆ ಎತ್ತಿ, ಕಾಣ್ತಾರೇನ್ ತಾಯಿ ಎಂದು ಕೇಳುವರು. ಕಾಣ್ತಾರ್ರಿ, ತಲಿ ಕಾಣ್ತದ, ಹೆಗಲ ಕಾಣ್ತದ ಎಂದು ಅವಳು ಮೇಲಿನಿಂದ ಹೇಳುವಳು. ಮೊದಮೊದಲು ಅವಳ ದನಿ ಸಣ್ಣಗಿತ್ತು. ಬರಬರುತ್ತ ಅವಳೇ, ಇನ್ನಾ ಜರಾ ಎಡಕ್ಕ ತಗೋರಿ ಎಂದು ಕೈ ಮಾಡಿ ತೋರಿಸತೊಡಗಿದಳು. ಮೆಟ್ಟಿಲ ತಿರುವಿನಲ್ಲಿ ನಿಂತು ನೋಡಿದಳು, ಮೇಲಿನ ಕಿಟಕಿಯಿಂದಲೂ ನೋಡಿದಳು. ಕೊನೆಗೆ, ಈಗ ಕಾಣವಲ್ರು ಎಂದಳು.

ಲೆಕ್ಕ ಸುಲಭವಾಗಿತ್ತು. ಗಡಿಯ ಮೇಲೆ ಹಾಕಿದರೆ ಹನ್ನೊಂದು ಅಡಿಯೂ ಕಷ್ಟವೇ. ಕಲ್ಲಿನಿಂದ ನಾಲ್ಕು ಅಡಿ ದೂರದಲ್ಲಿ ಹಾಕಿದರೆ ಏಳೂವರೆ ಅಡಿ ಸಾಕು, ಅದೂ ಹಿಂಬದಿಗೆ ಮತ್ತು ಒಂದು ಪಕ್ಕಕ್ಕೆ. ಹೊಲದ ಕಡೆ, ಕಲ್ಲಿನ ಮೇಲೆ ಕೂತವಳ ಮೈ ಮರೆಯಾಗುವಷ್ಟು, ಸೊಂಟದೆತ್ತರ ಸಾಕೆಂದರು. ಅಲ್ಲಿಯೂ ಮುಚ್ಚಿಬಿಡೋಣ, ಯಾರಿಗೆ ಗೊತ್ತು ಎಂದೆ ನಾನು. ಅವರು ಒಪ್ಪಲಿಲ್ಲ.

"ಆಕಿ ಎಮ್ಮಿ ನೋಡ್ತಾಳ್ರಿ ಅಕ್ಕೋರ. ಅದನ್ಯಾಕ ಮುಚ್ಚಬೇಕು? ಮಂದೀಗಿ ಆಕಿ ಕಾಣಬಾರದು, ಆಕಿಗಿ ಮಂದಿ ಕಾಣಬೇಕು."

ಅದೇ ಸಂಜೆ ಹಿಂದಿನ ಮನೆಯ ಒಡತಿ ಮೊದಲ ಬಾರಿಗೆ ನಮ್ಮ ಮನೆಗೆ ಬಂದಳು. ಆ ಮೂವರು ಹುಡುಗರೂ ಹಿಂದೆ ಇದ್ದರು. ನನ್ನ ಗಂಡನ ಎದುರಿಗೇ ಆ ಮೊಬೈಲ್ ತೆಗೆಸಿ ಅದರಲ್ಲಿದ್ದ ಫೋಟೋ, ವಿಡಿಯೋ ಅಳಿಸಿಹಾಕಿಸಿದಳು. ಬೇರೆ ಯಾರಿಗೂ ಕಳಿಸಿಲ್ಲವೆಂದು ಹುಡುಗ ತಲೆ ತಗ್ಗಿಸಿ ಹೇಳಿದ. ಹುಡುಗರು ಹೋದ ಮೇಲೆ ಆಕೆ ಸ್ವಲ್ಪ ಹೊತ್ತು ಕೂತಳು. ಮಾಳಿಗೆಯಿಂದ ಅಷ್ಟು ಸ್ಪಷ್ಟವಾಗಿ ಕಾಣುತ್ತದೆಂದು ತನಗೆ ತಿಳಿದಿರಲಿಲ್ಲ, ತಾನೇ ಮೊದಲು ಬಂದು ಒಂದು ಮಾತು ಕೇಳಬೇಕಾಗಿತ್ತು ಎಂದಳು. ನಾನೂ ಬರಬೇಕಾಗಿತ್ತು ಎಂದೆ.

ಯಾವುದರಿಂದ ಕಟ್ಟುವುದು ಎನ್ನುವ ಮಾತು ಬಂದಾಗ ಮುತ್ಯಾ ತೊಗರಿ ಕಟ್ಟಿಗೆ ಎಂದರು. ತೊಗರಿ ಬಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಕಾಂಡ, ಹಳ್ಳಿಗಳಲ್ಲಿ ಒಲೆಗೆ ಹಾಕುವಂಥದ್ದು. ಬಿದಿರಿನ ಚೌಕಟ್ಟಿಗೆ ಅದನ್ನು ಒತ್ತೊತ್ತಾಗಿ ಹೆಣೆದು ತಟ್ಟಿ ಮಾಡುವುದು. ಕೆಳಗೆ ಮೊಳಕಾಲೆತ್ತರಕ್ಕೆ ಶಹಾಬಾದ ಕಲ್ಲಿನ ಚಪ್ಪಡಿ ನಿಲ್ಲಿಸುವುದು, ಅದರ ಮೇಲೆ ತಟ್ಟಿ. ಕಲ್ಲಿದ್ದರೆ ನೀರು ಸಿಡಿದರೂ ಕಟ್ಟಿಗೆ ಕೊಳೆಯುವುದಿಲ್ಲ, ಗೆದ್ದಲು ಬೇಗ ಏರುವುದಿಲ್ಲ. ಗೆದ್ದಲಿಗೆ ಹಳೆ ಇಂಜಿನ್ ಎಣ್ಣೆ ಬಳಿಯುವ ರೂಢಿ ಇದೆ, ಆದರೆ ಲೀಲಾ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತಾಳೆಂದು ತಿಳಿದು ಅದು ಬೇಡವೆಂದರು. ತಂತಿಯ ಬದಲು ತೆಂಗಿನ ನಾರಿನ ಹುರಿ. ಗಾಳಿ ಕಟ್ಟಿಗೆಯ ಸಂದಿನಲ್ಲಿ ಹಾದುಹೋಗುತ್ತದೆ, ಸದ್ದಾಗುವುದಿಲ್ಲ, ಬಿಸಿಲಿಗೆ ಕಾಯುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಹೊಸದಾಗಿ ಹೆಣೆಯಬೇಕಾಗುತ್ತದೆ ಎನ್ನುವುದನ್ನೂ ಅವರು ಮುಚ್ಚಿಡಲಿಲ್ಲ.

ನನ್ನ ಗಂಡನಿಗೆ ಮನಸ್ಸಿರಲಿಲ್ಲ. ಲೇಔಟ್‌ನಲ್ಲಿ ಎಲ್ಲರದೂ ಸಿಮೆಂಟು, ನಮ್ಮದೊಂದೇ ಹೊಲದ ಗುಡಿಸಲಿನಂತೆ ಕಾಣುತ್ತದಲ್ಲ ಎಂದರು. ನಿಜ ಹೇಳಬೇಕೆಂದರೆ ನನಗೂ ಅದೇ ಸಂಕೋಚವಿತ್ತು.

"ಹೊರಗಿಂದ ನೋಡಾವ್ರು ಭಾಳ ಮಂದಿ ಅದಾರ್ರಿ ಸಾಹೇಬ್ರ," ಎಂದರು ಮುತ್ಯಾ. "ಒಳಗಿಂದ ನೋಡಾಕಿ ಆಕಿ ಒಬ್ಬಾಕಿ. ನಾ ಆಕಿ ಸಲುವಾಗಿ ಕಟ್ಟಾಕತ್ತೀನಿ."

ಮರುದಿನ ನನ್ನ ಗಂಡ ತಾವೇ ಶರಣಸಿರಸಗಿಯ ರೈತರೊಬ್ಬರ ಹತ್ತಿರ ಹೋಗಿ ಟಂಟಂ ಗಾಡಿ ತುಂಬ ಕಟ್ಟಿಗೆ ತಂದರು.

ನಾಲ್ಕು ದಿನದ ಕೆಲಸ ಹನ್ನೊಂದು ದಿನ ಹಿಡಿಯಿತು. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕಬ್ಬಿಣದಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬಿ ಕಂಬಗಳನ್ನು ವಾಲಿಸುತ್ತದೆ. ಕಂಬ ನಿಲ್ಲಬೇಕೆಂದರೆ ಕೆಳಗಿನ ಗಟ್ಟಿ ಗರಸು ಮಣ್ಣು ಸಿಗುವವರೆಗೆ ಮೂರಡಿ ಅಗೆಯಬೇಕು. ಮೊದಲ ಏಟಿಗೇ ಹಾರೆಯ ಠಣ್ ಎನ್ನುವ ಸದ್ದಿಗೆ ಲೀಲಾ ಕಿವಿ ಮುಚ್ಚಿಕೊಂಡು ಒಳಗೆ ಓಡಿದಳು. ಮುತ್ಯಾ ಹಾರೆ ಕೆಳಗಿಟ್ಟರು. ಅಂದಿನಿಂದ ಸಂಜೆ ಹೋಗುವಾಗ ಮರುದಿನದ ಎರಡು ಗುಂಡಿಗಳ ಜಾಗಕ್ಕೆ ಕೊಡಗಟ್ಟಲೆ ನೀರು ಹಾಕಿ ಹೋಗುವರು. ಬೆಳಿಗ್ಗೆ ಬಂದು ಮೆತ್ತಗಾದ ಮಣ್ಣನ್ನು ಸದ್ದಿಲ್ಲದೆ ತೋಡುವರು. ದಿನಕ್ಕೆ ಎರಡೇ ಗುಂಡಿ. ಕಮಲಾಪುರದಿಂದ ದಿನಾ ಬಂದು ಹೋಗುವ ಎಪ್ಪತ್ತರ ಹತ್ತಿರದ ಮನುಷ್ಯ, ಒಂದು ದಿನವೂ ತಡವಾಯಿತೆಂದು ಗೊಣಗಲಿಲ್ಲ.

ಮಧ್ಯಾಹ್ನ ಅವರು ಮೂಲೆಯಲ್ಲಿ ಕೂತು ತಮ್ಮ ಡಬ್ಬಿ ಬಿಚ್ಚುತ್ತಿದ್ದರು. ನಮ್ಮ ಜೊತೆ ಊಟಕ್ಕೆ ಬನ್ನಿ ಎಂದರೆ ಆಮೇಲೆ ನೋಡೋಣ ಎಂದು ಜಾರಿಕೊಳ್ಳುತ್ತಿದ್ದರು. ಮೂರನೆಯ ದಿನ ಲೀಲಾ ಹೋಗಿ ಅವರೆದುರು ಕುಕ್ಕರಗಾಲಿನಲ್ಲಿ ಕೂತು, ಡಬ್ಬಿಯಲ್ಲಿನ ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿಕೊಂಡು ತಿಂದಳು. ವಾರಗಟ್ಟಲೆ ನನ್ನ ಕೈಯ ರೊಟ್ಟಿ ಮುಟ್ಟದಿದ್ದವಳು. ಅವರು ಡಬ್ಬಿಯನ್ನು ಸ್ವಲ್ಪ ಅವಳ ಕಡೆ ಸರಿಸಿ ತಾವೂ ತಿಂದರು. ಅಂದಿನಿಂದ ಅವರ ಸೊಸೆ ಎರಡು ರೊಟ್ಟಿ ಹೆಚ್ಚು ಕಟ್ಟತೊಡಗಿದಳು, ನಾನು ಇಲ್ಲಿಂದ ಪಲ್ಯ ಕೊಡತೊಡಗಿದೆ. ಆಮೇಲೆ ಎಲ್ಲರೂ ಹಿತ್ತಿಲಲ್ಲೇ ಕೂತು ಉಣ್ಣುವುದಾಯಿತು.

ತಟ್ಟಿ ಹೆಣೆಯಲು ಎರಡೂ ಬದಿಗೆ ಒಬ್ಬೊಬ್ಬರು ಬೇಕು. ಈ ಕಡೆಯವರು ದಬ್ಬಣದಿಂದ ಹುರಿ ತೂರಿಸಿದರೆ ಆ ಕಡೆಯವರು ಎಳೆದು, ಕಟ್ಟಿಗೆಗೆ ಸುತ್ತಿಸಿ ಮರಳಿ ತೂರಿಸಬೇಕು. ನಾನು ಕೂರುತ್ತೇನೆ ಎಂದಿದ್ದೆ. ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಎದ್ದು ಒಳಗೆ ಹೋದೆ. ಮರಳಿ ಬಂದಾಗ ನನ್ನ ಜಾಗದಲ್ಲಿ ಲೀಲಾ ಕೂತಿದ್ದಳು. ಸಂದಿನಿಂದ ಬಂದ ಹುರಿಯ ತುದಿಯನ್ನು ನೋಡಿ, ಹಿಡಿದು ಎಳೆದಳು. ಆ ಕಡೆಯಿಂದ ಮುತ್ಯಾ, ಮತ್ತೆ ಇತ್ತ ಕಳಿಸು ಎಂದರು. ಎಲ್ಲಿ ತೂರಿಸಬೇಕೆಂದು ಕಟ್ಟಿಗೆ ಅಲುಗಿಸಿ ತೋರಿಸಿದರು. ಅವಳು ತೂರಿಸಿದಳು. ನಾನು ಬಾಗಿಲಲ್ಲೇ ನಿಂತೆ.

ಮೊದಲ ಸಾಲು ಸೊಟ್ಟಗಾಯಿತು. ಅವರು ಭಲೆ ಎನ್ನಲಿಲ್ಲ, ಪಾಪ ಎನ್ನಲಿಲ್ಲ. ಅಷ್ಟೂ ಬಿಚ್ಚಿದರು.

"ಬಿಗಿ ಸಾಲ್ದು ಲೀಲಾ. ಗಾಳಿಗಿ ಕಟಗಿ ಉದುರ್ತಾವ. ಮತ್ತ ಮಾಡೂನು, ಎಳಿ."

ನನ್ನ ಮಗಳ ಕೆಲಸದಲ್ಲಿ ಯಾರೂ ಅಂದಿನವರೆಗೆ ತಪ್ಪು ಹುಡುಕಿರಲಿಲ್ಲ. ಅವಳಿಗೆ ಯಾರೂ ಕೆಲಸ ಕೊಟ್ಟಿರಲಿಲ್ಲ. ಲೀಲಾ ತುಟಿ ಕಚ್ಚಿಕೊಂಡು, ಕಾಲನ್ನು ಚೌಕಟ್ಟಿಗೆ ಒತ್ತಿ, ಎರಡೂ ಕೈಯಿಂದ ಎಳೆದಳು. ಐದು ತಟ್ಟಿಗಳನ್ನು ಅವರಿಬ್ಬರೇ ಹೆಣೆದರು. ಮುಂಗೈಯನ್ನು ಕಚ್ಚಿಕೊಳ್ಳುವುದು ಯಾವ ದಿನ ನಿಂತಿತೋ ನಾನು ಗಮನಿಸಲೇ ಇಲ್ಲ.

ಕೊನೆಯ ದಿನ ಮುತ್ಯಾ ಎಲ್ಲ ಕಂಬಗಳಿಗೂ ಬೆನ್ನು ಕೊಟ್ಟು ನಿಂತರು, ಹಿಂದಿನ ಮನೆಯ ಒಡತಿಯನ್ನು ಇನ್ನೊಮ್ಮೆ ಮಾಳಿಗೆಗೆ ಹತ್ತಿಸಿ ಕೇಳಿದರು. ಆಮೇಲೆ ಹಿಂಬಾಗಿಲಿನ ಕೀಲಿಯನ್ನು ನನ್ನ ಕೈಯಿಂದ ಇಸಿದುಕೊಂಡು ನನ್ನ ಗಂಡನಿಗೆ ಕೊಟ್ಟು, ಇದನ್ನು ತೆಗೆದುಕೊಂಡು ಹೋಗಿ ಮಿಲ್ಲಿನ ಬಾಗಿಲಿಗೆ ಹಾಕಿಕೊಳ್ಳಿರಿ ಎಂದರು.

ಮೊದಲ ದೊಡ್ಡ ಮಳೆಯಾದ ಮರುದಿನ ಬೆಳಿಗ್ಗೆ ಯಾರೂ ಕರೆಯದೆ ಬಂದರು. ಹಾಕಿದ ಪ್ರತಿ ಬೇಲಿಯನ್ನೂ ಮೊದಲ ಮಳೆಯ ನಂತರ ಹೋಗಿ ನೋಡುವುದು ಅವರ ಪದ್ಧತಿಯಂತೆ. ಮೂರನೆಯ ಕಂಬ ಎರಡು ಬೆರಳು ವಾಲಿತ್ತು. ಅಲ್ಲಿ ಗರಸು ಸಿಕ್ಕಿತೆಂದು ತಿಳಿದಿದ್ದೆ, ಅದು ಬರೀ ಹರಳು, ತಪ್ಪು ನನ್ನದೇ ಎಂದರು. ನಮಗೆ ಕಾಣಿಸಿರಲೇ ಇಲ್ಲ, ಬಿಡಿ ಎಂದರೂ ಕೇಳಲಿಲ್ಲ. ಕೆಸರಿನಲ್ಲಿ ನಿಂತು ಕಿತ್ತು, ಮತ್ತೊಂದು ಅಡಿ ಅಗೆದು ನಿಲ್ಲಿಸಿ ಹೋದರು.

ಆಮೇಲೆ ಲೀಲಾಳ ಬೆಳಗುಗಳು ಅವಳಿಗೆ ಮರಳಿ ಸಿಕ್ಕವು. ಸೊಂಟದೆತ್ತರದ ಬದಿಯಲ್ಲಿ ಹಿಂದಿನ ಮನೆಯ ಒಡತಿ ಬಂದು ನಿಂತು ಕರಿಬೇವು ಕೊಡುತ್ತಾಳೆ, ಲೀಲಾಳ ಜೊತೆ ಒಂದೆರಡು ಮಾತಾಡುತ್ತಾಳೆ. ಲೀಲಾಳ ಮಾತುಗಳಲ್ಲಿ ಈಗ ಎಳಿ ಎನ್ನುವುದೂ ಸೇರಿದೆ. ಶಾಲೆ ಶುರುವಾದ ಮೇಲೆ ನಾನು ಕಮಲಾಪುರದಲ್ಲಿ ಮುತ್ಯಾ ಸಿಕ್ಕಾಗಲೆಲ್ಲ ಅವರು ಕೇಳುತ್ತಿದ್ದದ್ದು ಬೇಲಿಯ ಸುದ್ದಿಯಲ್ಲ, ಎಮ್ಮೆಗಳು ಇನ್ನೂ ಆ ದಾರಿಯಲ್ಲೇ ಹೋಗುತ್ತವೆಯೇ ಎಂದು.

ಕಳೆದ ಮಾಘದಲ್ಲಿ ಅವರು ತೀರಿಕೊಂಡರು. ಎರಡು ದಿನ ಜ್ವರವಿತ್ತಂತೆ, ಅಷ್ಟೇ. ನಾನು ಪಾಠ ಮಾಡುತ್ತಿದ್ದಾಗ ಅಡುಗೆಯ ಹೆಂಗಸೊಬ್ಬಳು ಕಿಟಕಿಯಲ್ಲಿ ನಿಂತು ಸುದ್ದಿ ಹೇಳಿದಳು. ಅಂದು ಓಡಿಹೋಗಿ ಮುಖ ನೋಡಿ ಬಂದೆ. ಮೂರನೆಯ ದಿನ ಅವರ ಮನೆಯ ಮುಂದೆ ನೆನಪಿನ ಸಭೆ ಇತ್ತು. ಲೀಲಾಳನ್ನೂ ಗಂಡನನ್ನೂ ಕರೆದುಕೊಂಡು ಹೋದೆ. ಅಂಥ ಗುಂಪಿಗೆ ಅವಳನ್ನು ನಾವು ಕರೆದೊಯ್ಯುವುದು ಕಡಿಮೆ. ಅಂಗಳದ ಹಿಂದಿನ ಸಾಲಿನಲ್ಲಿ ಕೂತೆವು.

ಮುಂದೆ ಅವರ ಪಟ, ಅದರೆದುರು ಹೂವಿನ ಬುಟ್ಟಿ. ಒಬ್ಬ ಹಿರಿಯರು ನಾಲ್ಕು ಮಾತಾಡಿದರು. ಮನೆಯವರು ಹೂವು ಹಾಕಿದರು, ಓಣಿಯವರು ಹಾಕಿದರು. ಆಮೇಲೆ ಸೊಸೆ ಎದ್ದು ನಿಂತು, ಮಾವನ ಜೋಡಿ ಬೇಲಿ ಕೆಲಸ ಮಾಡಿದವರು ಬನ್ನಿರಿ ಎಂದು ಕರೆದಳು. ನಾಲ್ಕು ಮಂದಿ ಗಂಡಸರು ಎದ್ದು ಹೋಗಿ ಸಾಲಾಗಿ ನಿಂತರು. ಅವಳು ಅವರನ್ನು ನೋಡಿ, ಮತ್ತೆ ಗುಂಪಿನ ಕಡೆ ಕಣ್ಣಾಡಿಸಿದಳು.

"ಕಲಬುರಗಿ ಲೀಲಾ ಅಂದ್ರ ಯಾರು? ಬಂದಾಳೇನು? ತನ್ನ ಜೋಡಿ ತಟ್ಟಿ ಹೆಣದಾಕಿ ಅಂತ ಮಾವ ಭಾಳ ಸಲ ಹೇಳ್ತಿದ್ದ."

ಅವಳು ಹುಡುಕುತ್ತಿದ್ದದ್ದು ದುಡಿದು ಗಟ್ಟಿಯಾದ ಯಾವುದೋ ಹೆಂಗಸನ್ನು. ಮುತ್ಯಾ ಮನೆಯಲ್ಲಿ ಲೀಲಾ ಎಂಥವಳೆಂದು ಹೇಳಿರಲೇ ಇಲ್ಲ. ಹೇಳಬೇಕಾದ ವಿಷಯವೆಂದು ಅವರಿಗೆ ಅನ್ನಿಸಿರಲಿಲ್ಲ.

ನಾನು ಲೀಲಾಳ ಭುಜ ಮುಟ್ಟಿ, ಹೋಗು ಎಂದೆ. ಅವಳು ಎದ್ದು ಒಬ್ಬಳೇ ನಡೆದಳು. ಸಾಲಿನಲ್ಲಿದ್ದವರಲ್ಲಿ ವಯಸ್ಸಾದವರೊಬ್ಬರು ಅವಳನ್ನು ನೋಡಿ ಒಂದು ಹೆಜ್ಜೆ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಅವರು ಬೊಗಸೆಯೊಡ್ಡಿ ಹೂವು ತೆಗೆದುಕೊಂಡದ್ದನ್ನು ನೋಡಿ ಅವಳೂ ತೆಗೆದುಕೊಂಡಳು. ಅವರು ಹಾಕಿದ ಮೇಲೆ ಅವಳೂ ಹಾಕಿದಳು. ಆಮೇಲೆ ಆ ಐವರೂ ಒಟ್ಟಿಗೆ ಕೈಮುಗಿದು ನಿಂತರು. ಅವಳ ಅವ್ವ ನಾನು, ಹಿಂದೆ, ಸಭೆಗೆ ಬಂದವರ ನಡುವೆ ಕೂತು ನೋಡುತ್ತಿದ್ದೆ.